ಜಗಲಿಯ ಮಾತು: ಓವರ್‌ಕ್ಲಾಕಿಂಗಿಗೆ ಒಗ್ಗುವ ಪ್ರೊಸೆಸರನ್ನು ಆರಿಸುವಾಗ

ಅಡಿಕೆ ಮಾರಿದ ಹಣ ಕೈಗೆ ಬಂದ ವಾರವೇ ನಮ್ಮ ಅಕ್ಕನೂ ಅವಳ ಮಗನೂ ನಮ್ಮ ಮನೆಗೆ ಬಂದಿಳಿದರು. ಹುಡುಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿ, ಮಿತಭಾಷಿ. ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ನಾಲ್ಕಾಗಿ ಮಡಚಿದ ಕಾಗದವೊಂದನ್ನು ನಮ್ಮ ಮುಂದಿಟ್ಟು, "ಮಾವ, ಕಂಪ್ಯೂಟರಿಗೆ ಬೇಕಾದ ಬಿಡಿಭಾಗಗಳ ಪಟ್ಟಿ ಮಾಡಿದ್ದೇನೆ. ನಿಮಗೊಮ್ಮೆ ತೋರಿಸಲಿಕ್ಕೆ ಅಮ್ಮ ಹೇಳಿದ್ದಾಳೆ" ಎಂದನು. ಪಟ್ಟಿಯ ಮೊದಲನೆಯ ಸಾಲಿನಲ್ಲಿದ್ದುದು ಪ್ರೊಸೆಸರ್, ಅರ್ಥಾತ್ ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಸಿಲಿಕಾನ್ ಬಿಲ್ಲೆ. ಅದರ ಬೆಲೆ, ಅದು ಬೇಡುವ ಮದರ್‌ಬೋರ್ಡಿನ ಬೆಲೆ, ಅದನ್ನು ತಣಿಸಬೇಕಾದ ಕೂಲರಿನ ಬೆಲೆ, ಈ ಮೂರೇ ಸೇರಿ ಒಟ್ಟು ಹಣದ ಮುಕ್ಕಾಲು ಪಾಲನ್ನು ನುಂಗಿದ್ದವು. ಇದೇ ಆಗಬೇಕೆಂಬ ಹಟವೇಕೆಂದು ಕೇಳಿದೆವು.

"ಇದನ್ನು ಓವರ್‌ಕ್ಲಾಕ್ ಮಾಡಬಹುದು, ಮಾವ."

ಒಳಗಿನಿಂದ ಅಕ್ಕನ ಸ್ವರ ಕೇಳಿಸಿತು: "ಮಾಡಬಹುದಾದ್ದಕ್ಕೆಲ್ಲ ದುಡ್ಡು ಹಾಕಿದರೆ ಈ ಸಲ ತೋಟಕ್ಕೆ ಮದ್ದು ಬಿಡುವುದು ಯಾವುದರಲ್ಲಿ?"

ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಿತು. ಎರಡು ವಾರಗಳ ಅವಕಾಶ ಬೇಡಿಕೊಂಡೆವು. ಆ ಎರಡು ವಾರಗಳಲ್ಲಿ ನಾವು ಓದಿ ತಿಳಿದುದನ್ನೂ, ಹಿಂದೆ ನಾವೇ ಪೆಟ್ಟು ತಿಂದು ಕಲಿತುದನ್ನೂ ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಇಂತಹ ಪಟ್ಟಿಗಳು ಇಂದು ಅನೇಕ ಮನೆಗಳ ಜಗಲಿಗೆ ಬರುತ್ತಿವೆ ಎಂಬುದನ್ನು ನಾವು ಬಲ್ಲೆವು.

ಮೊದಲು ಆ ಶಬ್ದದ ಅರ್ಥ. ಪ್ರೊಸೆಸರಿನ ಪ್ರತಿಯೊಂದು ಕೆಲಸವೂ ಒಂದು ಗಡಿಯಾರದ ಮಿಡಿತಕ್ಕೆ ಸರಿಯಾಗಿ ನಡೆಯುತ್ತದೆ. ಮದರ್‌ಬೋರ್ಡ್ ಒದಗಿಸುವ ಮೂಲ ಮಿಡಿತವೊಂದಿದೆ. ಇಂದಿನ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಕೋಟಿ, ಅಂದರೆ 100 ಮೆಗಾಹರ್ಟ್ಸ್. ಪ್ರೊಸೆಸರಿನೊಳಗೆ ಒಂದು ಗುಣಕವಿದ್ದು, ಆ ಗುಣಕ 45 ಆದರೆ ಪ್ರೊಸೆಸರ್ ಓಡುವುದು 4500 ಮೆಗಾಹರ್ಟ್ಸ್ ಅಥವಾ 4.5 ಗಿಗಾಹರ್ಟ್ಸ್ ವೇಗದಲ್ಲಿ. ತಯಾರಕರು ನಮೂದಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ, ಮೂಲ ಮಿಡಿತವನ್ನಾಗಲಿ ಗುಣಕವನ್ನಾಗಲಿ ಏರಿಸಿ, ಯಂತ್ರವನ್ನು ಓಡಿಸುವುದೇ ಓವರ್‌ಕ್ಲಾಕಿಂಗ್.

ಹಾಗೆ ಏರಿಸಲು ಎಡೆ ಇರುವುದಾದರೂ ಏತಕ್ಕೆ? ತಯಾರಕನು ತನ್ನ ಮಾಲು ಯಾವ ಊರಿಗೆ ಹೋಗುವುದೆಂದು ತಿಳಿಯದವನು. ಅದು ಊಟಿಯ ಚಳಿಗೂ ಹೋದೀತು, ಸೊಲ್ಲಾಪುರದ ಬೇಸಗೆಗೂ ಹೋದೀತು. ವಿದ್ಯುತ್ತು ಏರಿಳಿಯುವ ಮನೆಯಲ್ಲಿಯೂ, ಧೂಳು ತುಂಬಿದ ಪೆಟ್ಟಿಗೆಯಲ್ಲಿಯೂ ವರ್ಷಗಟ್ಟಲೆ ತಪ್ಪಿಲ್ಲದೆ ನಡೆಯಬೇಕು. ಆದುದರಿಂದ ಪ್ರತಿಯೊಂದು ಬಿಲ್ಲೆಯನ್ನೂ ಪರೀಕ್ಷಿಸಿ, ಅದು ಓಡಬಲ್ಲ ವೇಗಕ್ಕಿಂತ ಒಂದಷ್ಟು ಕೆಳಗೆ ಗೆರೆ ಎಳೆದು ಮಾರುತ್ತಾನೆ. ಗೆರೆಗೂ ನಿಜವಾದ ಶಕ್ತಿಗೂ ನಡುವೆ ಉಳಿಯುವ ಈ ಮೀಸಲೇ ಓವರ್‌ಕ್ಲಾಕ್ ಮಾಡುವವನ ಬಂಡವಾಳ. ಪ್ರೊಸೆಸರನ್ನು ಆರಿಸುವುದೆಂದರೆ ಈ ಮೀಸಲು ಎಲ್ಲಿ ಉಳಿದಿದೆ ಎಂದು ಹುಡುಕುವುದು. ಮಿಕ್ಕ ಮಾತೆಲ್ಲ ಅದರ ವಿವರಣೆ.

ಅಡಿಕೆ ಬೆಳೆಯುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಒಂದೇ ತೋಟದ, ಒಂದೇ ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸುಲಿದು ಆರಿಸುವಾಗ ಒಳ್ಳೆಯದು ಒಂದು ಚೀಲಕ್ಕೆ, ಪಟೋರ ಇನ್ನೊಂದಕ್ಕೆ, ಕರಿಗೋಟು ಮತ್ತೊಂದಕ್ಕೆ ಹೋಗುತ್ತದೆ. ಸಿಲಿಕಾನಿನ ಒಂದೇ ಹಾಳೆಯಿಂದ ಕತ್ತರಿಸಿದ ಬಿಲ್ಲೆಗಳನ್ನೂ ಹೀಗೆಯೇ ದರ್ಜೆಗಳಾಗಿ ವಿಂಗಡಿಸುತ್ತಾರೆ. ಒಂದು ವ್ಯತ್ಯಾಸವಿದೆ. ಅಡಿಕೆಯ ವ್ಯಾಪಾರಿ ಒಳ್ಳೆಯ ಅಡಿಕೆಯನ್ನು ಪಟೋರದ ಚೀಲಕ್ಕೆ ತಿಳಿದೂ ತಿಳಿದೂ ಹಾಕಲಾರ. ಪ್ರೊಸೆಸರ್ ತಯಾರಕನು ಹಾಕುವುದುಂಟು. ಪೇಟೆಯಲ್ಲಿ ಅಗ್ಗದ ಮಾಲಿಗೆ ಬೇಡಿಕೆ ಹೆಚ್ಚಾಗಿ, ಉತ್ಪಾದನೆ ಚೆನ್ನಾಗಿ ಕುದುರಿ, ಬರುವ ಬಿಲ್ಲೆಗಳೆಲ್ಲ ಉತ್ತಮವೇ ಆದಾಗ, ಉತ್ತಮವಾದುದಕ್ಕೇ ಕೆಳದರ್ಜೆಯ ಚೀಟಿ ಅಂಟುತ್ತದೆ. ಬಲ್ಲವರು ಕಾದು ಕುಳಿತುಕೊಳ್ಳುವುದು ಅಂತಹ ಕಾಲಕ್ಕೆ.

ಈ ಕಲೆಯ ಇತಿಹಾಸದಲ್ಲಿ ಅಂತಹ ಸುಗ್ಗಿಕಾಲವೊಂದು ಬಂದುದು 1998ರಲ್ಲಿ. ಆ ವರ್ಷದ ಏಪ್ರಿಲಿನಲ್ಲಿ ಇಂಟೆಲ್ ಕಂಪೆನಿ ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಬೆಲೆ ಇಳಿಸುವ ಆತುರದಲ್ಲಿ ಎರಡನೆಯ ಹಂತದ ಕ್ಯಾಶ್, ಅಂದರೆ ಕೈಯಳತೆಯಲ್ಲಿ ಇಟ್ಟುಕೊಳ್ಳುವ ಸಣ್ಣ ಸ್ಮರಣಕೋಶವನ್ನು ಅದರಿಂದ ಪೂರ್ತಿಯಾಗಿ ಕಿತ್ತು ಹಾಕಿದ್ದರು. ಯಂತ್ರ ನಿಧಾನವಾಯಿತು, ಹೆಸರೂ ಕೆಟ್ಟಿತು. ತಪ್ಪನ್ನು ತಿದ್ದಿಕೊಂಡು ಅದೇ ಆಗಸ್ಟ್ ತಿಂಗಳಲ್ಲಿ ತಂದುದು ಸೆಲೆರಾನ್ 300ಎ. ಇದರಲ್ಲಿ 128 ಕಿಲೋಬೈಟಿನ ಕ್ಯಾಶನ್ನು ಬಿಲ್ಲೆಯೊಳಗೇ ಕೂರಿಸಿದ್ದರು, ಮತ್ತು ಅದು ಪ್ರೊಸೆಸರಿನ ಪೂರ್ಣ ವೇಗದಲ್ಲಿಯೇ ಓಡುತ್ತಿದ್ದಿತು. ಅಂದಿನ ದುಬಾರಿ ಪೆಂಟಿಯಂ 2ರಲ್ಲಿ ಕ್ಯಾಶ್ 512 ಕಿಲೋಬೈಟ್ ಇದ್ದರೂ ಅದು ಹೊರಗಿನ ಬೇರೆ ಬಿಲ್ಲೆಗಳಲ್ಲಿದ್ದು ಅರ್ಧ ವೇಗದಲ್ಲಿ ಕೆಲಸ ಮಾಡುತ್ತಿದ್ದಿತು. ವೇಗ ಏರಿಸಹೋದರೆ ಮೊದಲು ಮುಗ್ಗರಿಸುತ್ತಿದ್ದವು ಆ ಹೊರಗಿನ ಬಿಲ್ಲೆಗಳೇ. ಅಗ್ಗದ ಸೆಲೆರಾನಿಗೆ ಆ ತೊಡಕೇ ಇರಲಿಲ್ಲ!

ಸೆಲೆರಾನ್ 300ಎ ಓಡುತ್ತಿದ್ದುದು 66 ಮೆಗಾಹರ್ಟ್ಸಿನ ಮೂಲ ಮಿಡಿತದ ನಾಲ್ಕೂವರೆ ಪಟ್ಟು, ಅಂದರೆ 300 ಮೆಗಾಹರ್ಟ್ಸ್ ವೇಗದಲ್ಲಿ. ಗುಣಕಕ್ಕೆ ಬೀಗ ಹಾಕಿದ್ದರು. ಆದರೆ ಮೂಲ ಮಿಡಿತಕ್ಕೆ ಬೀಗವಿರಲಿಲ್ಲ. ಆ ವರ್ಷವೇ ಬಂದಿದ್ದ 440ಬಿಎಕ್ಸ್ ಬಗೆಯ ಮದರ್‌ಬೋರ್ಡುಗಳು 100 ಮೆಗಾಹರ್ಟ್ಸನ್ನು ಸಲೀಸಾಗಿ ಕೊಡಬಲ್ಲವಾಗಿದ್ದವು. 100ರ ನಾಲ್ಕೂವರೆ ಪಟ್ಟು 450. ಒಂದೇ ನೆಗೆತಕ್ಕೆ ವೇಗ ಒಂದೂವರೆ ಪಟ್ಟಾಯಿತು. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರಿನ ಅಂಚಿನ ಒಂದು ಸಂಪರ್ಕಬಿಂದುವಿಗೆ ಚೂರು ಅಂಟುಪಟ್ಟಿ ಹಚ್ಚಿದರೇ ಸಾಕಾಗುತ್ತಿದ್ದಿತು. 149 ಡಾಲರಿನ ಮಾಲು, 669 ಡಾಲರಿನ ಪೆಂಟಿಯಂ 2 450ರ ಜೊತೆಗೆ ಅನೇಕ ಕೆಲಸಗಳಲ್ಲಿ ಹೆಗಲೆಣೆಯಾಗಿ ನಿಂತಿತು. ಎಲ್ಲ ಬಿಲ್ಲೆಗಳೂ 450ನ್ನು ಮುಟ್ಟಿದವೆಂದಲ್ಲ, ಕೆಲವಕ್ಕೆ 2.0 ವೋಲ್ಟಿನ ಬದಲು 2.2 ವೋಲ್ಟ್ ಕೊಡಬೇಕಾಯಿತು, ಕೆಲವು ಎಷ್ಟು ಕೊಟ್ಟರೂ ಒಪ್ಪಲಿಲ್ಲ. ಆದರೂ ಹೆಚ್ಚಿನವು ಒಪ್ಪಿದವು. ಅಂದಿನ ಹುಡುಗರು ಇಂದು ನಡುವಯಸ್ಸಿನವರಾಗಿ ಆ ಹೆಸರನ್ನು ಈಗಲೂ ಪ್ರೀತಿಯಿಂದ ಹೇಳುತ್ತಾರೆ.

ಆ ಬೀಗದ ಕಥೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಗುಣಕಕ್ಕೆ ಬೀಗ ಬಿದ್ದುದಕ್ಕೆ ಒಂದು ಕಾರಣ ಮೋಸದ ವ್ಯಾಪಾರಿಗಳು. ಕಡಮೆ ವೇಗದ ಪ್ರೊಸೆಸರಿನ ಮೇಲಿನ ಬರಹವನ್ನು ಉಜ್ಜಿ, ಹೆಚ್ಚಿನ ವೇಗವನ್ನು ಅಚ್ಚೊತ್ತಿ ಮಾರುತ್ತಿದ್ದರು. 2000ದಲ್ಲಿ ಬಂದ ಎ.ಎಂ.ಡಿ. ಕಂಪೆನಿಯ ಡ್ಯುರಾನ್ ಮತ್ತು ಅಥ್ಲಾನ್ ಪ್ರೊಸೆಸರುಗಳ ಬೀಗವಂತೂ ಬೆನ್ನ ಮೇಲೆಯೇ ಕಾಣುವಂತಿದ್ದ ಸಣ್ಣ ಸಣ್ಣ ಕಡಿದ ಸೇತುವೆಗಳ ರೂಪದಲ್ಲಿದ್ದಿತು. ಸೀಸದಕಡ್ಡಿಯಿಂದ ಗೀಟೆಳೆದರೆ ಅದರ ಗ್ರಾಫೈಟು ವಿದ್ಯುತ್ತನ್ನು ಹಾಯಿಸಿ ಬೀಗ ತೆರೆಯುತ್ತಿದ್ದಿತು! ಮಕ್ಕಳ ಕಂಪಾಸುಪೆಟ್ಟಿಗೆಯ ಸೀಸದಕಡ್ಡಿ ಇಂತಹ ಕೆಲಸಕ್ಕೂ ಬಂದುದನ್ನು ನೆನೆದರೆ ನಗು ಬರುತ್ತದೆ. ಮರುವರ್ಷದ ಅಥ್ಲಾನ್ ಎಕ್ಸ್‌ಪಿಯಲ್ಲಿ ಆ ಸಂದುಗಳನ್ನು ಲೇಸರಿನಿಂದ ಕೊರೆದು ಗುಳಿ ಮಾಡಿ, ಸೀಸದಕಡ್ಡಿಯ ಆಟವನ್ನು ನಿಲ್ಲಿಸಿದರು.

2011ರ ಜನವರಿಯಲ್ಲಿ ಇಂಟೆಲಿನ ಎರಡನೆಯ ಪೀಳಿಗೆಯ ಕೋರ್ ಪ್ರೊಸೆಸರುಗಳು ಬಂದಾಗ ಆಟದ ನಿಯಮವೇ ಬದಲಾಯಿತು. ಮೂಲ ಮಿಡಿತವನ್ನು ಯಂತ್ರದ ಇತರ ಅಂಗಗಳ ಮಿಡಿತದೊಂದಿಗೆ ಕಟ್ಟಿಹಾಕಿದುದರಿಂದ ಅದನ್ನು ಶೇಕಡ ಕೆಲವೇ ಅಂಶಗಳಿಗಿಂತ ಹೆಚ್ಚು ಏರಿಸುವಂತಿಲ್ಲವಾಯಿತು. ಉಳಿದುದು ಗುಣಕ. ಅದರ ಬೀಗ ತೆರೆದುಕೊಟ್ಟ ಪ್ರೊಸೆಸರಿನ ಹೆಸರಿನ ಕೊನೆಗೆ 'ಕೆ' ಅಕ್ಷರ. ಐ5-2500ಕ್ಕೆ 205 ಡಾಲರ್, ಐ5-2500ಕೆಗೆ 216. 3.3 ಗಿಗಾಹರ್ಟ್ಸಿನ ಆ 2500ಕೆ ಒಂದು ಒಳ್ಳೆಯ ಫ್ಯಾನಿನ ಕೆಳಗೆ 4.5ರ ಸುತ್ತಮುತ್ತ ಓಡುವುದು ವಿಶೇಷವೇನೂ ಆಗಿರಲಿಲ್ಲ. ಹನ್ನೊಂದು ಡಾಲರಿಗೆ ಮೂರನೆಯ ಒಂದು ಪಾಲಿಗೂ ಮೀರಿದ ವೇಗ! ನಮ್ಮ ಅಳಿಯನ ಪಟ್ಟಿಯಲ್ಲಿದ್ದ 'ಕೆ' ಅಕ್ಷರದ ಮಹಿಮೆಗೆ ಮೂಲ ಇಲ್ಲಿದೆ. ಕೀರ್ತಿ ಅಂದಿನದು, ಬೆಲೆ ಇಂದಿನದು.

ಇನ್ನು ನಮ್ಮ ಸ್ವಂತದ ಕಥೆ. ಇಪ್ಪತ್ತು ವರ್ಷಗಳಿಗೂ ಹಿಂದೆ, ಪತ್ರಿಕೆಯ ಪುಟ ಕಟ್ಟುವ ಕೆಲಸಕ್ಕಾಗಿ ನಮ್ಮ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದ್ದಿತು. ಅದರೊಳಗಿನ ಅಗ್ಗದ ಪ್ರೊಸೆಸರನ್ನು ಡಿಸೆಂಬರಿನ ಒಂದು ರಾತ್ರಿ ನಾವೇ ಹುರುಪಿನಿಂದ ಏರಿಸಿದೆವು. ಪುಟಗಳು ಚುರುಕಾಗಿ ತೆರೆದುಕೊಂಡವು. ಮನೆಗೆ ಬಂದವರಿಗೆಲ್ಲ ತೋರಿಸಿ ಬೀಗಿದೆವು. ಜನವರಿ, ಫೆಬ್ರವರಿ ಸುಖವಾಗಿ ಕಳೆದವು. ಏಪ್ರಿಲಿನಲ್ಲಿ ಬಿಸು ಹಬ್ಬದ ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ, ಸೆಕೆಯಲ್ಲಿ ಅಂಗಿ ಬೆನ್ನಿಗಂಟಿಕೊಂಡಿದ್ದ ಮಧ್ಯಾಹ್ನ, ಪರದೆ ಒಮ್ಮೆ ನೀಲಿಯಾಗಿ ಯಂತ್ರ ನಿಂತಿತು. ಮತ್ತೆ ಹಚ್ಚಿದಾಗ ಹದಿನಾಲ್ಕು ಪುಟಗಳ ಕಡತ ತೆರೆಯಲೇ ಇಲ್ಲ. ತೆರೆದ ಇತರ ಪುಟಗಳಲ್ಲಿಯೂ ಅಲ್ಲಲ್ಲಿ ಸಾಲುಗಳು ಅರ್ಥವಿಲ್ಲದ ಗುರುತುಗಳಾಗಿದ್ದವು. ಎಂದಿನಿಂದ ಹಾಗಾಗುತ್ತಿದ್ದಿತೋ! ವಾರಗಳ ಹಿಂದೆಯೇ ಯಂತ್ರ ಸದ್ದಿಲ್ಲದೆ ತಪ್ಪು ಲೆಕ್ಕ ಮಾಡಲಾರಂಭಿಸಿದ್ದಿರಬೇಕು. ಸಂಚಿಕೆ ಒಂಬತ್ತು ದಿನ ತಡವಾಯಿತು. ಅದರಲ್ಲಿ ಪ್ರಕಟವಾಗಬೇಕಿದ್ದ ಒಂದು ಮದುವೆಯ ಕರೆಯೋಲೆ, ಮದುವೆ ಕಳೆದ ಮೇಲೆ ಓದುಗರ ಕೈ ಸೇರಿತು. ಆ ಮನೆಯವರು ನಮ್ಮನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದಿತು. ಪ್ರೊಸೆಸರಿನ ತಪ್ಪೇನೂ ಇರಲಿಲ್ಲ. ಚಳಿಗಾಲದಲ್ಲಿ ಅಳೆದ ಮೀಸಲನ್ನು ಬೇಸಗೆಯಲ್ಲಿಯೂ ಇದೆ ಎಂದು ನಂಬಿದ ತಪ್ಪು ನಮ್ಮದು.

ಈ ಕಥೆಯನ್ನು ಕೇಳಿದ ಅಳಿಯ, "ಅದು ಹಳೆಯ ಕಾಲದ್ದಲ್ಲವಾ ಮಾವ, ಈಗಿನವು ಬಿಸಿಯಾದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ" ಎಂದನು. ಅವನು ಹೇಳಿದುದು ದಿಟ. ಆದರೆ ಅದೇ ಮಾತಿನ ಇನ್ನೊಂದು ಮಗ್ಗುಲನ್ನು ಅವನು ನೋಡಿರಲಿಲ್ಲ. ಬಿಸಿಯಾದಾಗ ಇಳಿಸಿಕೊಳ್ಳಬಲ್ಲ ಯಂತ್ರ, ತಂಪಾಗಿದ್ದಾಗ ತಾನೇ ಏರಿಸಿಕೊಳ್ಳಲೂ ಬಲ್ಲದು. 2008ರ ಕೊನೆಯಲ್ಲಿ ಬಂದ ಕೋರ್ ಐ7ರಿಂದ ಈಚೆಗೆ ಇಂಟೆಲಿನಲ್ಲಿ ಟರ್ಬೋ ಎಂಬ ಹೆಸರಿನಿಂದಲೂ, 2017ರ ರೈಝೆನ್‌ನಿಂದ ಈಚೆಗೆ ಎ.ಎಂ.ಡಿ.ಯಲ್ಲಿ ಪ್ರಿಸಿಶನ್ ಬೂಸ್ಟ್ ಎಂಬ ಹೆಸರಿನಿಂದಲೂ ಇದೇ ಕೆಲಸ ನಡೆಯುತ್ತಿದೆ. ಕ್ಷಣಕ್ಷಣಕ್ಕೂ ಉಷ್ಣತೆ, ವಿದ್ಯುತ್ತು, ಹೊರೆ ಇವನ್ನು ಅಳೆದು, ಇದ್ದ ಮೀಸಲನ್ನೆಲ್ಲ ಯಂತ್ರ ತಾನೇ ಬಳಸಿಕೊಳ್ಳುತ್ತದೆ. 2023ರ ಜನವರಿಯಲ್ಲಿ ಬಂದ ಐ9-13900ಕೆಎಸ್ ಪೆಟ್ಟಿಗೆಯಿಂದ ತೆಗೆದ ಹಾಗೆಯೇ 6 ಗಿಗಾಹರ್ಟ್ಸನ್ನು ಮುಟ್ಟುತ್ತಿದ್ದಿತು. ಹೀಗೆ ಕಂಪೆನಿಯೇ ಕೊನೆಯ ಹನಿಯವರೆಗೆ ಹಿಂಡಿ ಕೊಟ್ಟ ಕಬ್ಬಿನಿಂದ ನಾವು ಇನ್ನೆಷ್ಟು ರಸ ತೆಗೆದೇವು? ಕೈಯಿಂದ ಗುಣಕ ಏರಿಸಿ ಇಂದು ಪಡೆಯುವ ಲಾಭ ಬಹಳ ಸಲ ಶೇಕಡ ಐದರ ಆಸುಪಾಸು. ದ್ರವ ಹೀಲಿಯಂ ಸುರಿದು 2022ರ ಡಿಸೆಂಬರಿನಲ್ಲಿ ಪ್ರೊಸೆಸರೊಂದನ್ನು 9 ಗಿಗಾಹರ್ಟ್ಸ್ ದಾಟಿಸಿದವರಿದ್ದಾರೆ. ಅದು ಸರ್ಕಸ್ಸು, ಮನೆವಾರ್ತೆಯಲ್ಲ.

ಆ ಶೇಕಡ ಐದಕ್ಕೆ ತೆರುವ ಬೆಲೆಯ ಲೆಕ್ಕ ಹೀಗಿದೆ. ಪ್ರೊಸೆಸರ್ ನುಂಗುವ ಚಾಲನಾ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಶೇಕಡ ಹತ್ತು ಏರಿಸಲು ವೋಲ್ಟೇಜನ್ನೂ ಶೇಕಡ ಹತ್ತು ಏರಿಸಬೇಕಾಯಿತೆನ್ನಿ. ವಿದ್ಯುತ್ತು 1.1ರ ಘನ, ಅಂದರೆ 1.33 ಪಟ್ಟಾಗುತ್ತದೆ. ಹತ್ತರ ಲಾಭಕ್ಕೆ ಮೂವತ್ತಮೂರರ ಖರ್ಚು. ಆ ಖರ್ಚೆಲ್ಲ ಶಾಖವಾಗಿ ಕೋಣೆಗೇ ಬಂದು ಬೀಳುತ್ತದೆ. ಕೆಲಸವಾದರೂ ಹತ್ತು ಪಾಲು ಬೇಗ ಮುಗಿಯುವುದೋ ಎಂದರೆ ಅದೂ ನಿಶ್ಚಯವಿಲ್ಲ. ರ್‍ಯಾಮಿನಿಂದ ಅಂಕಿಗಳು ಬರುವವರೆಗೆ ಪ್ರೊಸೆಸರ್ ಎಷ್ಟು ವೇಗದವನಾದರೂ ಕೈಕಟ್ಟಿ ಕಾಯಲೇಬೇಕು.

ಇಷ್ಟೆಲ್ಲ ತಿಳಿದ ಮೇಲೆಯೂ ಓವರ್‌ಕ್ಲಾಕಿಂಗಿಗೆ ಒಗ್ಗುವ ಪ್ರೊಸೆಸರೇ ಬೇಕೆಂಬ ಮಗುವಿಗೆ ಬೇಡವೆನ್ನಲು ನಮಗೆ ಮನಸ್ಸಿಲ್ಲ. ಯಂತ್ರದ ಒಡಲನ್ನು ತೆರೆದು ನೋಡುವ ಕುತೂಹಲ ಒಳ್ಳೆಯದು. ಆದರೆ ಅಂಗಡಿಗೆ ಹೋಗುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರತಕ್ಕದ್ದು.

ಇಂಟೆಲಿನ ಪ್ರೊಸೆಸರ್ ಆದರೆ ಹೆಸರಿನಲ್ಲಿ 'ಕೆ' ಇರಬೇಕು. ಬರಿಯ 'ಎಫ್' ಇದ್ದರೆ ಅದರಲ್ಲಿ ಚಿತ್ರ ಮೂಡಿಸುವ ಅಂಗವಿಲ್ಲವೆಂದಷ್ಟೇ ಅರ್ಥ. ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. 'ಕೆ' ಇದ್ದರಷ್ಟೇ ಸಾಲದು, ಮದರ್‌ಬೋರ್ಡ್ 'ಝಡ್' ಸಾಲಿನದಾಗಬೇಕು. 'ಬಿ' ಅಥವಾ 'ಎಚ್' ಸಾಲಿನ ಬೋರ್ಡಿನಲ್ಲಿ 'ಕೆ' ಪ್ರೊಸೆಸರನ್ನು ಕೂರಿಸಿದರೆ ಅದರ ಗುಣಕ ಏರುವುದಿಲ್ಲ. ಹೆಚ್ಚು ಹಣ ಕೊಟ್ಟು ಬೀಗವಿಲ್ಲದ ಪ್ರೊಸೆಸರನ್ನೂ, ಉಳಿಸಲೆಂದು ಬೀಗವಿರುವ ಬೋರ್ಡನ್ನೂ ಕೊಂಡು ತರುವವರುಂಟು. ಎ.ಎಂ.ಡಿ.ಯ ರೈಝೆನ್ ಪ್ರೊಸೆಸರುಗಳಲ್ಲಿ ಗುಣಕ ಬಹುಮಟ್ಟಿಗೆ ತೆರೆದೇ ಇರುತ್ತದೆ. ಬೋರ್ಡ್ ಮಾತ್ರ 'ಬಿ' ಅಥವಾ 'ಎಕ್ಸ್' ಸಾಲಿನದಾಗಬೇಕು, 'ಎ' ಸಾಲಿನದು ಆಗದು. ಹೆಚ್ಚುವರಿ ಕ್ಯಾಶನ್ನು ಮೇಲೆ ಪೇರಿಸಿದ 2022ರ 5800ಎಕ್ಸ್3ಡಿಯಂತಹವು ಇದಕ್ಕೆ ಅಪವಾದ. ಮೇಲೆ ಕುಳಿತ ಕ್ಯಾಶ್ ಶಾಖವನ್ನು ತಡೆಯುವುದರಿಂದ ಗುಣಕಕ್ಕೆ ಬೀಗ ಹಾಕಿದ್ದರು. 2024ರ ನವೆಂಬರಿನ 9800ಎಕ್ಸ್3ಡಿಯಲ್ಲಿ ಕ್ಯಾಶನ್ನು ಕೆಳಗಿಟ್ಟು ಬೀಗವನ್ನು ತೆಗೆದರು.

ಈಗ ಮುಖ್ಯವಾದ ಮಾತು. 1998ರ ಸೆಲೆರಾನಿಗೆ ಇಂದು ಹತ್ತಿರದ ನಂಟರು ಯಾರೆಂದರೆ ಅಗ್ರಪಂಕ್ತಿಯ 'ಕೆ' ಪ್ರೊಸೆಸರುಗಳಲ್ಲ. ಒಂದೇ ಬಗೆಯ ಬಿಲ್ಲೆಯನ್ನು ಕಡಮೆ ವಿದ್ಯುತ್ತಿಗೆ ಕಟ್ಟಿ ಮಾರುವ ನಡುವಿನ ದರ್ಜೆಯವು. 2022ರ ಸೆಪ್ಟೆಂಬರಿನಲ್ಲಿ ಬಂದ ರೈಝೆನ್ 7 7700ಎಕ್ಸ್‌ಗೂ, 2023ರ ಜನವರಿಯಲ್ಲಿ ಬಂದ 7700ಕ್ಕೂ ಕೋರ್‌ಗಳು ಎಂಟೆಂಟೇ. ಮೊದಲಿನದರ ದರ್ಜೆ 105 ವ್ಯಾಟ್, ಎರಡನೆಯದರದು 65. ನಿಜವಾಗಿ ಎಳೆದುಕೊಳ್ಳಬಹುದಾದ ಮಿತಿ ಮೊದಲಿನದಕ್ಕೆ 142 ವ್ಯಾಟ್, ಎರಡನೆಯದಕ್ಕೆ 88. ಅಗ್ಗದ 7700ರ ಜೊತೆಗೆ ಕೂಲರನ್ನೂ ಕೊಡುತ್ತಿದ್ದರು, ದುಬಾರಿಯದಕ್ಕೆ ಕೊಡುತ್ತಿರಲಿಲ್ಲ. ಬೋರ್ಡಿನ ಬಯೋಸಿನಲ್ಲಿ ಆ ವಿದ್ಯುತ್ತಿನ ಕಟ್ಟನ್ನು ಸಡಿಲಿಸಿದರೆ ತಮ್ಮನು ಅಣ್ಣನ ಹತ್ತಿರಕ್ಕೆ ಬಂದು ನಿಲ್ಲುತ್ತಾನೆ. 2024ರ ಆಗಸ್ಟಿನಲ್ಲಿ 65 ವ್ಯಾಟಿನದಾಗಿ ಬಂದ 9700ಎಕ್ಸ್‌ಗೆ ಮರುತಿಂಗಳೇ 105 ವ್ಯಾಟಿನ ಆಯ್ಕೆಯನ್ನು ಕಂಪೆನಿಯೇ, ಖಾತರಿ ಕೆಡದಂತೆ, ಬಯೋಸಿನ ಹೊಸ ಆವೃತ್ತಿಯ ಮೂಲಕ ಕೊಟ್ಟಿತು. ಮೀಸಲು ಉಳಿದಿರುವುದು ಇಂತಹವುಗಳಲ್ಲಿ.

ಇವುಗಳಲ್ಲಿ ಇನ್ನೊಂದು ಉಪಾಯವೂ ಇದೆ, ಕೇಳಲು ವಿಚಿತ್ರ: ವೋಲ್ಟೇಜನ್ನು ಇಳಿಸಿ ವೇಗವನ್ನು ಏರಿಸುವುದು. ಅದೇ ವೇಗಕ್ಕೆ ಕಡಮೆ ವೋಲ್ಟೇಜ್ ಸಾಕಾಗುವುದಾದರೆ ಶಾಖ ಇಳಿಯುತ್ತದೆ. ಇಳಿದ ಶಾಖದ ಎಡೆಯಲ್ಲಿ ಯಂತ್ರ ತಾನೇ ಮೇಲೇರುತ್ತದೆ. ಎ.ಎಂ.ಡಿ.ಯ ಬೋರ್ಡುಗಳಲ್ಲಿ ಇದಕ್ಕೆ ಕರ್ವ್ ಆಪ್ಟಿಮೈಸರ್ ಎಂದು ಹೆಸರು. ಎಷ್ಟು ಇಳಿಸಬಹುದೆಂಬುದು ಬಿಲ್ಲೆಯಿಂದ ಬಿಲ್ಲೆಗೆ ಬೇರೆ. ನೆಲ್ಲಿಕಾಯಿ ಆರಿಸಿದ ಹಾಗೆ ಒಳ್ಳೆಯ ಬಿಲ್ಲೆಯನ್ನು ಆರಿಸಿ ತರಲು ಅಂಗಡಿಯವನು ಬಿಡಲಾರ. ಅಮೆರಿಕದಲ್ಲಿ ಬಿಲ್ಲೆಗಳನ್ನು ಪರೀಕ್ಷಿಸಿ ದರ್ಜೆ ಕಟ್ಟಿ ಮಾರುತ್ತಿದ್ದ ಅಂಗಡಿಯೊಂದಿದ್ದಿತು. ಅದರ ಹೆಸರೇ ಸಿಲಿಕಾನ್ ಲಾಟರಿ. ಆರಿಸಿ ಮಾರಲು ಅಂತರವೇ ಉಳಿಯದಂತಾಗಿ 2021ರಲ್ಲಿ ಅದು ಬಾಗಿಲು ಮುಚ್ಚಿತು.

ಕೂಲರಿನ ವಿಷಯದಲ್ಲಿ ನಮ್ಮ ಓದುಗರು ವಿಶೇಷವಾಗಿ ಎಚ್ಚರದಿಂದಿರಬೇಕು. ಯಾವ ಫ್ಯಾನೂ, ನೀರು ಹರಿಸಿ ತಣಿಸುವ ಯಾವ ದುಬಾರಿ ಕೂಲರೂ, ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಕೋಣೆಯ ಉಷ್ಣತೆಗಿಂತ 55 ಡಿಗ್ರಿ ಮೇಲೆ ನಿಲ್ಲಿಸಬಲ್ಲ ಕೂಲರೊಂದನ್ನು ಊಹಿಸಿ. ತಂಪು ಕೋಣೆಯಲ್ಲಿ, 22 ಡಿಗ್ರಿಯಲ್ಲಿ ಕುಳಿತು ಪರೀಕ್ಷಿಸುವವನಿಗೆ ಅದು 77 ತೋರಿಸುತ್ತದೆ. ಕಾಸರಗೋಡಿನ ಏಪ್ರಿಲಿನ 34 ಡಿಗ್ರಿಯಲ್ಲಿ 89. ಅಕ್ಕಲಕೋಟೆ, ಸೊಲ್ಲಾಪುರಗಳಲ್ಲಿ ಉಷ್ಣತೆ ನಲವತ್ತನ್ನು ಮೀರುವ ಮೇ ತಿಂಗಳಲ್ಲಿ 95ಕ್ಕೆ ತಾಗಿ, ಮೇಲೆ ಹೇಳಿದ ರೈಝೆನ್‌ಗಳು ತಾವಾಗಿ ವೇಗ ಇಳಿಸಿಕೊಳ್ಳುವ ಗೆರೆಯಲ್ಲಿ ನಿಲ್ಲುತ್ತದೆ. ನೀಲಗಿರಿಯ ನಮ್ಮ ಓದುಗರಿಗೆ ನಿಸರ್ಗವೇ ಬಿಟ್ಟಿಯಾಗಿ ಕೊಟ್ಟುದನ್ನು ಬಯಲಿನವರು ಹಣ ಕೊಟ್ಟು ಕೊಳ್ಳಬೇಕು. ಆದುದರಿಂದ ಬೇರೆ ಹವೆಯ ದೇಶದವರು ತಮ್ಮ ಯಂತ್ರದ ಬಗ್ಗೆ ಬರೆದ ಅಂಕಿಗಳನ್ನು ನಮ್ಮ ಮನೆಗೆ ಹಾಗೆಯೇ ತಂದುಕೊಳ್ಳುವಂತಿಲ್ಲ. ಕರಾವಳಿಯ ಉಪ್ಪುಗಾಳಿಗೆ ಲೋಹದ ಸಂದುಗಳೂ, ಒಳನಾಡಿನ ಧೂಳಿಗೆ ಫ್ಯಾನಿನ ರೆಕ್ಕೆಗಳೂ ತುತ್ತಾಗುತ್ತವೆಂಬುದು ಅದರ ಮೇಲಿನ ಮಾತು. ಹಾಗೆಯೇ ಬೋರ್ಡಿನ ಮೇಲೆ ಪ್ರೊಸೆಸರಿನ ಮಗ್ಗುಲಲ್ಲಿರುವ ವೋಲ್ಟೇಜ್ ನಿಯಂತ್ರಕಗಳಿಗೆ ದಪ್ಪನೆಯ ಲೋಹದ ಹೊದಿಕೆ ಇದೆಯೋ ಇಲ್ಲವೋ ನೋಡಿ ಕೊಳ್ಳಬೇಕು. ಏರಿಸಿದ ಹೊರೆಯನ್ನು ಮೊದಲು ಹೊರುವವು ಅವೇ.

ಹಳೆಯ ಪ್ರೊಸೆಸರನ್ನು ಕೈಬದಲಾಗಿ ಕೊಳ್ಳುವವರಿಗೆ ಒಂದು ಮಾತು. 2024ರಲ್ಲಿ ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕಾರಣವಿಲ್ಲದೆ ನಿಂತುಹೋಗುತ್ತಿವೆಯೆಂಬ ದೂರು ಲೋಕದ ಎಲ್ಲೆಡೆಯಿಂದ ಬಂದಿತು. ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜನ್ನು ಕೇಳಿ ಪಡೆಯುತ್ತಿದ್ದುದರಿಂದ ಹೀಗಾಗುತ್ತಿದೆಯೆಂದು ಕಂಪೆನಿ ಜುಲೈಯಲ್ಲಿ ಒಪ್ಪಿಕೊಂಡು, ಆಗಸ್ಟಿನಲ್ಲಿ ತಿದ್ದುಪಡಿಯನ್ನು ಕೊಟ್ಟು, ಖಾತರಿಯನ್ನು ಎರಡು ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯಬಲ್ಲದೇ ಹೊರತು ಆಗಲೇ ಸವೆದುದನ್ನು ಸರಿಪಡಿಸಲಾರದು. ಮಾಲೀಕನು ಏನನ್ನೂ ಏರಿಸದೆ ಇದ್ದಾಗಲೂ ವೋಲ್ಟೇಜ್ ಮಾಡಬಲ್ಲ ಹಾನಿ ಇಷ್ಟು! ಅಂತಹವನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಮತ್ತೆ ಓವರ್‌ಕ್ಲಾಕ್ ಮಾಡಹೊರಡುವುದು ಬೇಡವೇ ಬೇಡ. ಹೊಸದನ್ನೇ ಕೊಂಡರೂ, ಕಂಪೆನಿ ತಾನಾಗಿ ಕೊಟ್ಟ ಆಯ್ಕೆಗಳ ಹೊರಗೆ ಕೈಯಿಟ್ಟು ಏರಿಸಿದುದಕ್ಕೆ ಖಾತರಿ ಸಲ್ಲುವುದಿಲ್ಲವೆಂಬುದು ನೆನಪಿರಲಿ.

ಎರಡು ವಾರಗಳ ಬಳಿಕ ಅಳಿಯ ಬಂದಾಗ ಇದನ್ನೆಲ್ಲ ಹೇಳಿದೆವು. ನಮ್ಮೊಡನೆ ಎರಡು ಕಡೆ ವಾದಿಸಿದನು. ಒಂದು ಕಡೆ ಅವನೇ ಸರಿಯಿದ್ದನು. ವೋಲ್ಟೇಜ್ ಇಳಿಸುವುದು ಪೂರ್ತಿ ನಿರಪಾಯವೆಂದು ನಾವು ಹೇಳಹೊರಟಿದ್ದೆವು. ಬಿಲ್ಲೆ ಕೆಡುವುದಿಲ್ಲ ನಿಜ, ಆದರೆ ಅತಿಯಾಗಿ ಇಳಿಸಿದರೆ ಲೆಕ್ಕ ತಪ್ಪುತ್ತದೆ, ನಿಮ್ಮ ಬಿಸು ಸಂಚಿಕೆಗೆ ಆದುದೇ ಆಗುತ್ತದೆ ಎಂದು ತೋರಿಸಿಕೊಟ್ಟನು. ಆಮೇಲೆ ತನ್ನ ಪಟ್ಟಿಯನ್ನು ತೆಗೆದು ಮೊದಲಿನ ಮೂರು ಸಾಲುಗಳನ್ನು ಹೊಡೆದುಹಾಕಿ, 65 ವ್ಯಾಟಿನ ಎಂಟು ಕೋರಿನ ಪ್ರೊಸೆಸರನ್ನೂ, 'ಬಿ' ಸಾಲಿನ ಬೋರ್ಡನ್ನೂ, ಗಾಳಿಯಿಂದ ತಣಿಸುವ ಒಂದು ದೊಡ್ಡ ಕೂಲರನ್ನೂ ಬರೆದನು. ಉಳಿದ ಹಣದಲ್ಲಿ ರ್‍ಯಾಮ್ ಇಮ್ಮಡಿಯಾಯಿತು, ಒಂದು ಯುಪಿಎಸ್ಸೂ ಬಂದಿತು. ಅಕ್ಕ ಪಟ್ಟಿಯ ಕೊನೆಯ ಮೊತ್ತವನ್ನು ಮಾತ್ರ ನೋಡಿದಳು. "ಇಷ್ಟಾದರೆ ಮದ್ದಿಗೂ ಆದೀತು" ಎಂದು ಎದ್ದು ಚಹಾ ಮಾಡಲು ಹೋದಳು.

ಯಂತ್ರ ಈಗ ಅವರ ಮನೆಯಲ್ಲಿ ನಡೆಯುತ್ತಿದೆ. ಮೊನ್ನೆ ನಾವು ಹೋಗಿದ್ದಾಗ ಕೋಣೆಯ ಗೋಡೆಗೆ ಉಷ್ಣಮಾಪಕವೊಂದನ್ನು ನೇತುಹಾಕಿ, ಮೇಜಿನ ಮೇಲೆ ನೋಟುಪುಸ್ತಕವೊಂದನ್ನು ತೆರೆದಿಟ್ಟಿದ್ದನು. ರಾತ್ರಿಯಿಡೀ ಪ್ರೈಮ್95 ಎಂಬ ಪ್ರೋಗ್ರಾಮನ್ನು ಓಡಲು ಬಿಡುತ್ತಾನಂತೆ. ಉತ್ತರ ಮೊದಲೇ ಗೊತ್ತಿರುವ ದೊಡ್ಡ ಲೆಕ್ಕಗಳನ್ನು ಅದು ಪ್ರೊಸೆಸರಿನಿಂದ ಮಾಡಿಸಿ, ಒಂದೇ ಒಂದು ತಪ್ಪಿದರೂ ಹೇಳಿಬಿಡುತ್ತದೆ. ಪುಸ್ತಕದ ಪುಟದಲ್ಲಿ ಮೂರು ಅಂಕಣಗಳು: ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ತಪ್ಪುಗಳ ಸಂಖ್ಯೆ. ಮೂರನೆಯ ಅಂಕಣದಲ್ಲಿ ಸಾಲಾಗಿ ಸೊನ್ನೆಗಳು, ನಡುವೆ ಒಂದು ಕಡೆ 1. "ಅಲ್ಲಿ ಸ್ವಲ್ಪ ಜಾಸ್ತಿ ಇಳಿಸಿದ್ದೆ ಮಾವ, ಮರುದಿನ ಸರಿ ಮಾಡಿದೆ" ಎಂದನು. ಏಪ್ರಿಲ್ ತಿಂಗಳಿಗೆಂದು ಅವನು ಎರಡು ಪುಟಗಳನ್ನು ಗೆರೆ ಹಾಕಿ ಖಾಲಿ ಬಿಟ್ಟಿದ್ದಾನೆ.